ಸೌತ್ ಪಾಯಿಂಟಿನ ನಲವತ್ತು ಜನ

ಪೋರ್ಟ್ ವಿನ್ಸ್‌ಲೋ ಊರಿನ ನಗರಸಭೆಯಲ್ಲಿ ಪದ್ಮಜಾ ರಾಜಶೇಖರ್ ಎಂದರೆ ಎಲ್ಲರಿಗೂ ಸ್ವಲ್ಪ ಅಂಜಿಕೆ. ಆಕೆ ಜೋರು ಮಾಡುವವರಲ್ಲ, ದನಿ ಏರಿಸುವವರೂ ಅಲ್ಲ. ಆದರೆ ಯಾರಾದರೂ ಸುಮಾರು ಇಷ್ಟು ಎಂದರೆ ಸಾಕು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಸುಮಾರು ಅಂದರೆ ಎಷ್ಟು ಎಂದು ಕೇಳಿಬಿಡುತ್ತಿದ್ದರು. ಒಮ್ಮೆ ಹಾಗೆ ಕೇಳಿಸಿಕೊಂಡವರು ಮುಂದಿನ ಸಲ ಸರಿಯಾದ ಅಂಕಿ ಹಿಡಿದುಕೊಂಡೇ ಬರುತ್ತಿದ್ದರು.

ಅದು ಕಸುಬಿನಿಂದ ಅಂಟಿದ ಗುಣ. ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಮದುವೆಯಾಗಿ, ತೊಂಬತ್ತೆರಡರಲ್ಲಿ ಈ ಕಡೆ ಬಂದ ಪದ್ಮಜಾ ಇಪ್ಪತ್ತೇಳು ವರ್ಷ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ರಸ್ತೆ ಇಲಾಖೆಯಲ್ಲಿ ವಾಹನ ಎಣಿಸಿದರು. ಕೇಳಿದರೆ ನಗು ಬರುವಂಥ ಕೆಲಸ, ಒಪ್ಪೋಣ. ನಾಲ್ಕು ರಸ್ತೆ ಕೂಡುವಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಎಡಕ್ಕೆ ತಿರುಗಿದ್ದೆಷ್ಟು, ನೇರ ಹೋದದ್ದೆಷ್ಟು, ಟ್ರಕ್ ಎಷ್ಟು, ಸೈಕಲ್ ಎಷ್ಟು ಎಂದು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಗುಂಡಿ ಒತ್ತುತ್ತಾ ಕೂರುವುದು. ಆಮೇಲೆ ಕ್ಯಾಮೆರಾಗಳು ಬಂದವು. ಪದ್ಮಜಾ ಅವನ್ನೂ ನಂಬದೆ ಪಕ್ಕದಲ್ಲೇ ಹೋಗಿ ಕೂತು ಅವುಗಳ ತಪ್ಪು ಹಿಡಿದರು. ಅವರ ಎಣಿಕೆಯ ಮೇಲೆ ಆ ಕೌಂಟಿಯಲ್ಲಿ ಹದಿನೆಂಟು ಸಿಗ್ನಲ್ಲುಗಳು ಎದ್ದಿವೆ. ಔಷಧದ ಕಂಪನಿಯಿಂದ ನಿವೃತ್ತರಾದ ಗಂಡ ರಾಜಶೇಖರ್, ಕೆಂಪು ದೀಪಕ್ಕೆ ಸಿಕ್ಕಿಕೊಂಡಾಗಲೆಲ್ಲ ಇದೂ ನಿಂದೇನಾ ಎಂದು ಹೆಂಡತಿಯ ಕಾಲೆಳೆಯುತ್ತಿದ್ದರು.

ಪೋರ್ಟ್ ವಿನ್ಸ್‌ಲೋ ಇರುವುದು ಷಿಕಾಗೋದಿಂದ ಉತ್ತರಕ್ಕೆ ನಲವತ್ತೈದು ಮೈಲಿ, ಮಿಷಿಗನ್ ಸರೋವರದ ದಡದಲ್ಲಿ. ಸರೋವರ ಎನ್ನುವುದು ಹೆಸರಿಗಷ್ಟೇ. ಆಚೆ ದಡ ಕಾಣುವುದಿಲ್ಲ, ಅಲೆ ಬಡಿಯುತ್ತದೆ, ಬಂದರು ಇದೆ, ದೀಪಸ್ತಂಭವೂ ಇದೆ. ಜನ ಹದಿನೆಂಟು ಸಾವಿರ. ಮೂರು ತಲೆಮಾರು ಊರಿಗೆ ಅನ್ನ ಹಾಕಿದ ಬಣ್ಣದ ಕಾರ್ಖಾನೆ ಮುಚ್ಚಿ ಒಂಬತ್ತು ವರ್ಷವಾಗಿತ್ತು. ಮುಂದಿನ ಇಪ್ಪತ್ತು ವರ್ಷ ಈ ಊರು ಏನು ಮಾಡಿ ಬದುಕಬೇಕು, ಯಾವ ಜಾಗದಲ್ಲಿ ಏನಿರಬೇಕು ಎಂಬುದಕ್ಕೆ ನಗರಸಭೆ ಷಿಕಾಗೋದ ಒಂದು ಸಲಹೆಗಾರರ ತಂಡದಿಂದ ಯೋಜನೆ ಬರೆಸಿತು. ಅದನ್ನು ಓದಿ ಒಪ್ಪುವುದೋ ಬಿಡುವುದೋ ಎಂದು ಮತ ಹಾಕಲು ಏಳು ಜನರ ಯೋಜನಾ ಸಮಿತಿ. ಎಲ್ಲರೂ ಊರಿನವರೇ, ಸಂಬಳವಿಲ್ಲದ ಕೆಲಸ. ಪದ್ಮಜಾ ನಿವೃತ್ತರಾದ ವರ್ಷವೇ ಮೇಯರ್ ಅವರನ್ನು ಆ ಸಮಿತಿಗೆ ಎಳೆದು ತಂದಿದ್ದರು. ಆ ಮೇಜಿನ ಹಿಂದೆ ನಮ್ಮವರೊಬ್ಬರು ಕೂತದ್ದು ಅದೇ ಮೊದಲು.

ಜನವರಿಯಲ್ಲಿ ಯೋಜನೆಯ ಕರಡು ಕೈಗೆ ಬಂತು. ನೂರ ನಲವತ್ತು ಪುಟ. ಉಳಿದ ಆರು ಜನ ಚಿತ್ರ ನೋಡಿ ಮಡಚಿಟ್ಟಿರಬೇಕು. ಪದ್ಮಜಾ ಊಟದ ಮೇಜಿನ ಮೇಲೆ ಹರಡಿಕೊಂಡು ಪೆನ್ಸಿಲ್ ಹಿಡಿದು ಓದಿದರು. ನಕ್ಷೆಯಲ್ಲಿ ಮನೆಗಳಿಗೆ ಹಳದಿ, ಅಂಗಡಿಗೆ ಕೆಂಪು, ಪಾರ್ಕಿಗೆ ಹಸಿರು. ಬಂದರಿನ ದಕ್ಷಿಣಕ್ಕೆ ನೀರಿನೊಳಗೆ ಚಾಚಿಕೊಂಡಿರುವ ಒಂಬತ್ತು ಎಕರೆ, ಸೌತ್ ಪಾಯಿಂಟ್, ಇಷ್ಟು ವರ್ಷ ಹಸಿರಾಗಿದ್ದದ್ದು, ಈಗ ನೇರಳೆ ಬಣ್ಣಕ್ಕೆ ತಿರುಗಿತ್ತು. ನೇರಳೆ ಎಂದರೆ ಹೋಟೆಲು ಮತ್ತು ಕಾಂಡೊಗಳು, ಮಾರಾಟಕ್ಕೆ ಕಟ್ಟುವ ಫ್ಲ್ಯಾಟುಗಳು. ಬಳಕೆ ತೀರಾ ಕಡಿಮೆ ಇರುವ ಜಾಗ, ಮಾರುವುದು ಊರಿನ ಭವಿಷ್ಯಕ್ಕೆ ಒಳ್ಳೆಯದು ಎಂದು ಕೆಳಗೆ ಬರೆದಿತ್ತು.

ಪದ್ಮಜಾಗೆ ಮೈ ಉರಿದುಹೋಯಿತು. ಬಳಕೆ ಕಡಿಮೆ ಎಂದು ಹೇಳಿದ ಪುಣ್ಯಾತ್ಮ ಯಾರು, ಎಲ್ಲಿ ಕೂತು ಎಣಿಸಿದ, ಯಾವ ತಿಂಗಳಲ್ಲಿ ಎಣಿಸಿದ ಎಂದು ಗೊಣಗುತ್ತಾ ಹಿಂದಿನ ಪುಟಗಳ ಕೋಷ್ಟಕಕ್ಕೆ ಹೋದರು. ತೊಂಬತ್ತೆರಡನೇ ಪುಟ. ಅಲ್ಲಿ ಎರಡು ಆಧಾರ ಕೊಟ್ಟಿದ್ದರು. ಒಂದು, ಜಾಗ ಕಾದಿರಿಸುವಾಗ ಜನ ತುಂಬಿಕೊಟ್ಟ ಫಾರಂಗಳು. ಹನ್ನೆರಡು ವರ್ಷದಲ್ಲಿ ಅಲ್ಲಿ ಸೇರಿದ ಅತಿ ದೊಡ್ಡ ಗುಂಪು ನಲವತ್ತು ಜನ. ಇನ್ನೊಂದು, ಕಸದ ಡಬ್ಬಗಳು. ಭಾನುವಾರಗಳಂದೂ ಅವು ಅರ್ಧಕ್ಕಿಂತ ಹೆಚ್ಚು ತುಂಬಿದ್ದಿಲ್ಲ.

ಆ ನಲವತ್ತನ್ನು ನೋಡುತ್ತಿದ್ದಂತೆ ಪದ್ಮಜಾ ಪೆನ್ಸಿಲ್ ಕೆಳಗಿಟ್ಟರು. ಅದು ಅವರದೇ ನಲವತ್ತು.

ಪ್ರತಿ ವರ್ಷ ಜೂನ್ ಎರಡನೇ ಭಾನುವಾರ ಕನ್ನಡದವರ ಬೇಸಿಗೆ ಕೂಟ ಸೌತ್ ಪಾಯಿಂಟಿನಲ್ಲಿ. ಷಿಕಾಗೋ ಸುತ್ತಲಿನ ಲೈಲ್, ವೆಸ್ಟ್‌ಮಂಟ್, ಗ್ಲೆಂಡೇಲ್ ಹೈಟ್ಸ್‌ಗಳಿಂದ ಒಂದು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಾರೆ. ಅಲ್ಲಿ ಕಂಬಗಳ ಮೇಲೊಂದು ಚಾವಣಿ, ಕೆಳಗೆ ಮರದ ಮೇಜುಗಳು, ಶೆಲ್ಟರ್ ಎನ್ನುತ್ತಾರೆ. ಅದನ್ನು ಕಾದಿರಿಸಲು ಊರಿನವರಿಗೆ ಮಾತ್ರ ಅವಕಾಶ, ಹಾಗಾಗಿ ಫಾರಂಗೆ ಸಹಿ ಪದ್ಮಜಾರದು. ನಲವತ್ತು ಜನರವರೆಗೆ ಒಂದು ಪುಟದ ಫಾರಂ ಸಾಕು. ಅದಕ್ಕಿಂತ ಹೆಚ್ಚಾದರೆ ಇನ್ಶೂರೆನ್ಸ್ ಪತ್ರ, ಪೊಲೀಸರಿಗೆ ತಿಳಿಸುವುದು, ಎರಡು ತಿಂಗಳು ಮೊದಲೇ ನಗರಸಭೆಯ ಒಪ್ಪಿಗೆ, ನೂರೆಂಟು ತಾಪತ್ರಯ. ಮೊದಲ ವರ್ಷ ನಿಜವಾಗಿಯೂ ನಲವತ್ತೇ ಜನ ಬಂದಿದ್ದರು. ಎರಡನೇ ವರ್ಷ ತೊಂಬತ್ತರ ಮೇಲೆ. ಫಾರಂ ಮಾತ್ರ ನಲವತ್ತಕ್ಕೇ ನಿಂತಿತು. ಎಲ್ಲ ನಮ್ಮವರೇ, ಒಂದಿಷ್ಟು ಜನ ಹುಲ್ಲಿನ ಮೇಲೆ ಚಾಪೆ ಹಾಕಿಕೊಂಡರಾಯಿತು, ಅದಕ್ಕೇನು ಅಷ್ಟು ದೊಡ್ಡ ಪ್ರೋಗ್ರಾಂ ಅನ್ನೋ ಹಾಗೆ ಬರೆಯುವುದು ಎಂದರು ಕೂಟದ ಹಿರಿಯ ಚಂದ್ರಮೌಳಿ. ಪದ್ಮಜಾಗೂ ಅದು ಸರಿಯೆನಿಸಿತು. ಊಟಕ್ಕೆ ಕೂತವರನ್ನು ಎಣಿಸಬಾರದು, ಕಣ್ಣಾಗುತ್ತದೆ ಎಂದು ಅವರಮ್ಮ ಹೇಳಿಕೊಟ್ಟಿದ್ದರು. ಹದಿನೆಂಟು ಸಿಗ್ನಲ್ಲುಗಳ ಹೆಂಗಸು, ಪುಳಿಯೋಗರೆಯ ತಟ್ಟೆ ಹಿಡಿದು ಸಾಲಾಗಿ ಕೂತ ತನ್ನ ಜನವನ್ನು ಒಂದು ದಿನವೂ ಎಣಿಸಲಿಲ್ಲ.

ಕಸದ ಕಥೆ ಇದಕ್ಕಿಂತ ಚೆನ್ನಾಗಿದೆ. ನಮ್ಮವರ ಬಗ್ಗೆ ಬಿಳಿಯರು ಒಂದು ಮಾತಾಡಬಾರದು ಎಂದು ಹೊರಡುವ ಮೊದಲು ಹೆಂಗಸರೆಲ್ಲ ಸೊಂಟ ಬಗ್ಗಿಸಿ ಹುಲ್ಲಿನಿಂದ ಸಾಸಿವೆ ಕಾಳನ್ನೂ ಹೆಕ್ಕುತ್ತಿದ್ದರು. ತಟ್ಟೆ, ಲೋಟ, ಎಲೆ ಎಲ್ಲವನ್ನೂ ಚೀಲಕ್ಕೆ ತುಂಬಿ, ಪಾರ್ಕಿನ ಡಬ್ಬಕ್ಕೂ ಹಾಕದೆ, ಕಾರಿನ ಹಿಂದೆ ಇಟ್ಟುಕೊಂಡು ಅವರವರ ಮನೆಗೇ ಒಯ್ಯುತ್ತಿದ್ದರು. ಇನ್ನೂರು ಜನ ಉಂಡೆದ್ದ ಜಾಗದಲ್ಲಿ ಸೋಮವಾರ ಬೆಳಿಗ್ಗೆ ಪಾರ್ಕಿನ ಆಳಿಗೆ ಒಂದು ಕಾಗದದ ಚೂರೂ ಸಿಗುತ್ತಿರಲಿಲ್ಲ. ಇಷ್ಟು ಮರ್ಯಾದಸ್ಥರು ಈ ಭೂಮಿಯ ಮೇಲೆ ಇದ್ದರೆಂಬುದಕ್ಕೆ ನಗರಸಭೆಯ ಬಳಿ ಯಾವ ದಾಖಲೆಯೂ ಉಳಿಯಲಿಲ್ಲ.

ಸಂಜೆ ರಾಜಶೇಖರ್ ಕಾಫಿ ತಂದಿಟ್ಟಾಗ ಪದ್ಮಜಾ ಆ ಪುಟವನ್ನು ಅವರ ಮುಂದೆ ತಳ್ಳಿದರು. ಓದಿ ಮುಗಿಸಿದ ರಾಜಶೇಖರ್ ಈ ಸಲ ತಮಾಷೆ ಮಾಡಲಿಲ್ಲ.

‘ಇಷ್ಟ್ ವರ್ಷ ಬರೀತಿದ್ಯಲ್ಲ, ಸುಳ್ಳು ಅಂತ ಒಂದ್ಸಲನೂ ಅನ್ನಿಸ್ಲಿಲ್ವಾ ನಿಂಗೆ?’

‘ಇಲ್ಲ ರೀ,’ ಎಂದರು ಪದ್ಮಜಾ. ‘ನಮ್ಮೋರನ್ನ ಯಾರಾದ್ರೂ ಎಣಿಸ್ತಾರಾ?’

ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು. ಆ ಜಾಗ ಕೈತಪ್ಪಿ ಹೋದರೆ ಅದನ್ನು ಕಳೆದವಳು ತಾನೇ ಎಂದುಕೊಂಡರು. ಮಗಳು ನಿಹಾರಿಕಾ ಈಜು ಕಲಿತದ್ದು ಆ ನೀರಿನಲ್ಲಿ. ಕೂಟದ ರಮೇಶ ಮತ್ತು ಛಾಯಾರ ಮದುವೆ ಮಾತಾದದ್ದು ಆ ಶೆಲ್ಟರಿನ ಮೇಜಿನ ಮುಂದೆ. ಬೇರೆ ಎಲ್ಲ ಕಡೆ ಅವರು ಯಾರದೋ ಹಾಲ್, ಯಾರದೋ ಶಾಲೆ, ಯಾರದೋ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿದವರು. ಬಯಲಿನಲ್ಲಿ, ನೀರಿನ ಮುಂದೆ, ಜೋರಾಗಿ ಕನ್ನಡ ಮಾತಾಡಿಕೊಂಡು ಕೂರಲು ಇದ್ದದ್ದು ಆ ಒಂಬತ್ತು ಎಕರೆ ಮಾತ್ರ. ಅದನ್ನು ಬಿಟ್ಟುಕೊಡಲು ಪದ್ಮಜಾ ತಯಾರಿರಲಿಲ್ಲ.

ಮರುದಿನವೇ ಅವರು ನಗರಸಭೆಯ ಯೋಜನಾಧಿಕಾರಿ ಡೋನಾಳ ಕೋಣೆಗೆ ಹೋದರು. ಸೌತ್ ಪಾಯಿಂಟಿನಲ್ಲಿ ಒಂದು ಬೇಸಿಗೆ ಪೂರ್ತಿ ತಲೆ ಎಣಿಸಿ ಆಮೇಲೆ ತೀರ್ಮಾನಿಸಿ ಎಂದರು. ಡೋನಾ ಒಳ್ಳೆಯ ಹೆಂಗಸು, ಆದರೆ ಅವಳ ಕೈಯೂ ಕಟ್ಟಿತ್ತು. ಮತ ಏಪ್ರಿಲ್‌ನಲ್ಲಿ, ಈಗ ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಪಾಯಿಂಟಿನಲ್ಲಿ ಕಡಲಹಕ್ಕಿಗಳ ಹೊರತು ಎಣಿಸಲು ಯಾರಿದ್ದಾರೆ ಎಂದಳು. ದಾಖಲೆ ತಪ್ಪು ಎನ್ನಬೇಕಾದರೆ ತಪ್ಪೆಂದು ತೋರಿಸುವ ಇನ್ನೊಂದು ದಾಖಲೆ ಬೇಕು ಎಂದೂ ಸೇರಿಸಿದಳು. ಮಾತು ಸರಿಯಾಗಿಯೇ ಇತ್ತು. ಪದ್ಮಜಾ ಆ ಜಾಗದಲ್ಲಿದ್ದಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು.

ಸಮಿತಿಯ ಏಳರಲ್ಲಿ ನಾಲ್ವರು ಹೋಟೆಲಿನ ಕಡೆ ಎಂಬುದು ಊರಿಗೇ ಗೊತ್ತಿತ್ತು. ಪದ್ಮಜಾ ತಮ್ಮ ಕುರ್ಚಿಯಲ್ಲಿ ಕೂತು ಬೇಡ ಎಂದರೆ ನಾಲ್ಕಕ್ಕೆ ಮೂರು; ಯೋಜನೆ ಪಾಸಾಗುತ್ತದೆ. ಸದಸ್ಯರ ಕುರ್ಚಿಯಿಂದಲೇ ಸಾಕ್ಷಿ ಹೇಳುವಂತಿಲ್ಲ; ಎದ್ದುಹೋಗಿ ಸಾರ್ವಜನಿಕರ ಮೈಕಿನ ಮುಂದೆ ನಿಂತು ಹೇಳಬಹುದು, ಆದರೆ ಆಮೇಲೆ ಆ ವಿಷಯಕ್ಕೆ ಮತ ಹಾಕುವಂತಿಲ್ಲ ಎಂದು ನಗರಸಭೆಯ ವಕೀಲರು ತಿಳಿಸಿದರು. ಹಾಗೆ ಮಾಡಿ ನಾಲ್ವರಲ್ಲಿ ಒಬ್ಬರ ಮನಸ್ಸು ತಿರುಗಿಸಿದರೆ ಮೂರಕ್ಕೆ ಮೂರು, ಆಗ ಬಹುಮತವಿಲ್ಲದೆ ಯೋಜನೆ ಬೀಳುತ್ತದೆ. ತಿರುಗಿಸಲಾಗದಿದ್ದರೆ ಮತವೂ ಹೋಯಿತು, ಮಾನವೂ ಹೋಯಿತು. ಪದ್ಮಜಾ ಇದನ್ನು ಒಂದು ಹಾಳೆಯ ಹಿಂದೆ ಗೀಚಿ ನೋಡಿದರು, ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಚಂದ್ರಮೌಳಿಯವರ ಮನೆಗೆ ಹೊರಟರು.

ಚಂದ್ರಮೌಳಿ ವೆಸ್ಟ್‌ಮಂಟಿನಲ್ಲಿ ಮೂವತ್ತು ವರ್ಷ ವೈದ್ಯರಾಗಿದ್ದವರು. ಕನ್ನಡದ ಮಕ್ಕಳಿಗೆಲ್ಲ ಅಂಕಲ್, ದೊಡ್ಡವರಿಗೆಲ್ಲ ಚಂದ್ರಣ್ಣ. ಪ್ರತಿ ವರ್ಷ ಕೂಟ ಮುಗಿಯುವಾಗ ಎಲ್ಲರನ್ನೂ ದಿಬ್ಬದ ಮೇಲೆ ಸಾಲಾಗಿ ನಿಲ್ಲಿಸಿ ಗ್ರೂಪ್ ಫೋಟೊ ತೆಗೆಯುವುದು ಅವರದೇ ಕೆಲಸ. ಪದ್ಮಜಾಗೆ ಬೇಕಾಗಿದ್ದದ್ದು ಆ ಫೋಟೊಗಳು.

ವಿಷಯ ಕೇಳಿದ ಚಂದ್ರಮೌಳಿ ಮೊದಲು ಬೇರೆ ದಾರಿ ಹೇಳಿದರು. ನಾವು ಇನ್ನೂರು ಜನ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಸಭೆಗೆ ಹೋಗಿ ಕೂರೋಣ, ನೋಡಿದರೆ ಅವರಿಗೇ ಗೊತ್ತಾಗುತ್ತದೆ ಎಂದರು. ಇವತ್ತು ಬಂದ ಇನ್ನೂರು ಜನ ಹನ್ನೆರಡು ವರ್ಷದಿಂದ ಬರುತ್ತಿದ್ದರು ಎನ್ನುವುದಕ್ಕೆ ಸಾಕ್ಷಿ ಏನು ಎಂದು ಪದ್ಮಜಾ ಕೇಳಿದರು. ಫಾರಂನಲ್ಲಿ ಬರೆದದ್ದು ಸುಳ್ಳು ಎಂದು ಬರೆದವರೇ ಒಪ್ಪಿಕೊಳ್ಳದೆ ಬೇರೆ ದಾರಿಯಿಲ್ಲ ಎಂದರು. ಅಲ್ಲಿಗೆ ಚಂದ್ರಮೌಳಿಯವರ ಮುಖ ಬಿಗಿಯಿತು.

‘ಪದ್ಮಜಾ, ನೀನು ಎದ್ ನಿಂತು ಸುಳ್ಳು ಬರ್ದಿದ್ವಿ ಅಂದ್ರೆ ಅದು ನಿನ್ನೊಬ್ಬಳ ಹೆಸರಿಗೆ ಬರಲ್ಲಮ್ಮ. ನಾಳೆ ಪೇಪರ್‌ನಲ್ಲಿ ಇಂಡಿಯನ್ಸ್ ಅಂತ ಬರುತ್ತೆ. ಮೂವತ್ ವರ್ಷ ನಾವ್ ಕಾಪಾಡ್ಕೊಂಡ್ ಬಂದಿರೋ ಹೆಸರು.’

‘ಹೆಸರು ಕಾಪಾಡ್ಕೊಳೋಕೆ ಅಂತಾನೇ ಕಸಾನೂ ಮನೆಗೆ ಹೊತ್ಕೊಂಡ್ ಹೋದ್ವಿ ಚಂದ್ರಣ್ಣ,’ ಎಂದರು ಪದ್ಮಜಾ. ‘ಈಗ ನೋಡಿ, ನಾವ್ ಅಲ್ಲಿ ಇರ್ಲೇ ಇಲ್ಲ ಅಂತ ಬರ್ದಿದಾರೆ.’

ಫೋಟೊ ಕೊಡುವುದಿಲ್ಲ ಎಂದು ಚಂದ್ರಮೌಳಿ ಖಡಾಖಂಡಿತವಾಗಿ ಹೇಳಿದರು. ಅವರು ಕೆಟ್ಟವರೇನಲ್ಲ, ಹೆದರಿದ್ದರು. ಹೆದರಿಕೆಗೆ ಮರ್ಯಾದೆಯ ಅಂಗಿ ತೊಡಿಸಿ ಓಡಾಡುವವರು ನಮ್ಮಲ್ಲಿ ಬಹಳ ಜನ. ಅವರ ಮನೆಯಲ್ಲಿ ಕೊಟ್ಟ ಕಾಫಿ ಕುಡಿದು, ನಮಸ್ಕಾರ ಹೇಳಿ ಪದ್ಮಜಾ ಎದ್ದು ಬಂದರು. ಮೂರನೇ ದಿನ ಅವರ ಫೋನಿಗೆ ಒಂದರ ಹಿಂದೆ ಒಂದು ಹನ್ನೊಂದು ಫೋಟೊ ಬಂದವು. ಕಳಿಸಿದ್ದು ಚಂದ್ರಮೌಳಿಯವರ ಹೆಂಡತಿ ಶಾರದ. ಕೊನೆಯಲ್ಲಿ ಒಂದೇ ಸಾಲಿತ್ತು: ‘ಇವ್ರಿಗೆ ಹೇಳ್ಬೇಡಿ.’

ಕೋವಿಡ್ ವರ್ಷವೊಂದನ್ನು ಬಿಟ್ಟು ಹನ್ನೊಂದು ವರ್ಷದ ಹನ್ನೊಂದು ಫೋಟೊ. ಪದ್ಮಜಾ ಅವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಊಟದ ಮೇಜಿನ ಮೇಲೆ ಹರಡಿದರು. ಒಂದೊಂದು ತಲೆಯ ಮೇಲೂ ಪೆನ್ಸಿಲಿನಿಂದ ಚುಕ್ಕೆ ಇಡುತ್ತಾ ಎಣಿಸತೊಡಗಿದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಅಮ್ಮನ ಮಾತು ನೆನಪಾಗಿ ಕೈ ತಡೆಯಿತು. ಆ ಸಾಲಿನಲ್ಲಿದ್ದ ಮೂವರು ಈಗ ಬದುಕಿಲ್ಲ. ಪದ್ಮಜಾ ಕಣ್ಣು ಒರೆಸಿಕೊಂಡು, ಅವರ ಮೇಲೂ ಚುಕ್ಕೆ ಇಟ್ಟರು. ಬಂದಿದ್ದರಲ್ಲ, ಅವರೂ ಬಂದಿದ್ದರು. ಮೊದಲ ವರ್ಷ ನಲವತ್ತು, ಎರಡನೆಯ ವರ್ಷ ತೊಂಬತ್ತೆರಡು, ಆರನೆಯ ವರ್ಷ ನೂರ ಅರವತ್ತೇಳು, ಕಳೆದ ವರ್ಷ ಇನ್ನೂರ ಮೂವತ್ತಾರು. ತೋಳಿನಲ್ಲಿದ್ದ ಕೂಸುಗಳನ್ನೂ ಬಿಡಲಿಲ್ಲ. ಎರಡು ಸಲ ಎಣಿಸಿದರು, ಮೂರನೆಯ ಸಲ ರಾಜಶೇಖರ್ ಎಣಿಸಿದರು.

ಏಪ್ರಿಲ್ ಮೊದಲ ಮಂಗಳವಾರ ಸಭೆ. ಇನ್ನೂ ಬೆಳಕಿರುವಾಗಲೇ ಜನ ಬಂದು ಕುರ್ಚಿ ತುಂಬಿದ್ದರು. ಸಲಹೆಗಾರರು ನಕ್ಷೆ ತೋರಿಸಿದರು, ಹೋಟೆಲಿನಿಂದ ಎಷ್ಟು ಕೆಲಸ ಹುಟ್ಟುತ್ತದೆ ಎಂದರು. ಕೆಲಸ ಬೇಕಿತ್ತು ಊರಿಗೆ, ಅದರಲ್ಲಿ ಸುಳ್ಳಿರಲಿಲ್ಲ. ಕಾರ್ಖಾನೆ ಕಳೆದುಕೊಂಡವರು ತಲೆಯಾಡಿಸಿದರು. ಸಾರ್ವಜನಿಕರ ಸರದಿ ಬಂದಾಗ ಪದ್ಮಜಾ ತಮ್ಮ ಕುರ್ಚಿಯಿಂದ ಎದ್ದು, ಮೇಜಿನ ಈಚೆ ಬಂದು, ಸಾಲಿನಲ್ಲಿ ನಿಂತರು. ಅಧ್ಯಕ್ಷೆ ಲೋರೇನ್ ಹುಬ್ಬೇರಿಸಿದರು. ಒಬ್ಬೊಬ್ಬರಿಗೆ ಮೂರು ನಿಮಿಷ.

ಪದ್ಮಜಾ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ‘ತೊಂಬತ್ತೆರಡನೇ ಪುಟದಲ್ಲಿರುವ ನಲವತ್ತು ಎಂಬ ಅಂಕಿ ನನ್ನದು. ಹನ್ನೊಂದು ಫಾರಂಗಳಲ್ಲಿ ನಾನೇ ಬರೆದು ಸಹಿ ಹಾಕಿದ್ದೇನೆ. ಅದರಲ್ಲಿ ಹತ್ತು ಸುಳ್ಳು. ಯಾರೂ ಬಲವಂತ ಮಾಡಲಿಲ್ಲ. ಇಲ್ಲಿ ಹನ್ನೊಂದು ಫೋಟೊಗಳಿವೆ, ಪ್ರತಿ ತಲೆಯ ಮೇಲೆ ಚುಕ್ಕೆ ಇದೆ, ದಯವಿಟ್ಟು ನೀವೇ ಎಣಿಸಿ. ನಾವು ಕಸವನ್ನು ಮನೆಗೆ ಒಯ್ದೆವು, ಆದ್ದರಿಂದ ನಿಮ್ಮ ಡಬ್ಬಗಳೂ ಸುಳ್ಳು ಹೇಳಿವೆ. ಬೇರೆಯವರು ಎಷ್ಟು ಜನ ಅಲ್ಲಿಗೆ ಬರುತ್ತಾರೆ ಎಂಬುದು ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ನಾವು ಯಾರೂ ಎಣಿಸಿಲ್ಲ. ಎಣಿಸದೆ ಮಾರಬೇಡಿ.’

ಒಬ್ಬ ಸದಸ್ಯ ಫೋಟೊ ತಿರುವಿ ಹಾಕಿ, ಇವರೆಲ್ಲ ಹೊರಗಿನವರು, ನಮ್ಮ ಊರಿನವರಲ್ಲವಲ್ಲ, ಇವರಿಂದ ನಮಗೇನು ಲಾಭ ಎಂದು ಕೇಳಿದ. ಹೋಟೆಲಿಗೆ ಬರುವವರೂ ಹೊರಗಿನವರೇ ಎಂದರು ಪದ್ಮಜಾ. ಹಿಂದಿನ ಸಾಲಿನಿಂದ ಯಾರೋ ನಕ್ಕರು. ಆಗ ಇಷ್ಟು ಹೊತ್ತು ಮಾತಾಡದೆ ಕೂತಿದ್ದ ಗ್ಯಾರಿ ಮೈಕಿನತ್ತ ಬಗ್ಗಿದ. ಗ್ಯಾರಿಗೆ ಬಂದರಿನ ಹತ್ತಿರ ಅಂಗಡಿ. ಮೀನಿನ ಗಾಳ, ಎರೆಹುಳು, ತಂಪು ಪಾನೀಯ, ಐಸ್ ಮಾರುವವನು. ಹೋಟೆಲಿನ ಪರ ಇದ್ದ ನಾಲ್ವರಲ್ಲಿ ಅವನೊಬ್ಬ.

ಯಾವ ಭಾನುವಾರ ಎಂದ ಗ್ಯಾರಿ. ಜೂನ್ ಎರಡನೆಯದು ಎಂದರು ಪದ್ಮಜಾ. ಅವನು ಕುರ್ಚಿಗೆ ಒರಗಿ ಚಾವಣಿ ನೋಡಿದ. ಆ ದಿನ ಹನ್ನೊಂದು ಗಂಟೆಗೆಲ್ಲ ನನ್ನ ಅಂಗಡಿಯಲ್ಲಿ ಒಂದು ಮೂಟೆ ಐಸೂ ಉಳಿಯುವುದಿಲ್ಲ, ಪ್ರತಿ ವರ್ಷವೂ ಇದೇ ಕಥೆ, ಮೀನು ಹಿಡಿಯುವವರು ಅಂದುಕೊಂಡಿದ್ದೆ ಎಂದ. ಮಜ್ಜಿಗೆಗೆ ಮತ್ತು ಪಾನಕಕ್ಕೆ ಎಂದು ಪದ್ಮಜಾ ತಿಳಿಸಿದರು. ಅವನಿಗೆ ಅರ್ಥವಾಗಲಿಲ್ಲ, ಆದರೆ ಐಸ್ ಅರ್ಥವಾಗಿತ್ತು.

ಮತ ಹಾಕುವಾಗ ಗ್ಯಾರಿ ಬೇಡ ಎಂದ. ಮೂರಕ್ಕೆ ಮೂರು. ಯೋಜನೆ ಬಿತ್ತು. ಎರಡು ಬೇಸಿಗೆ ಪೂರ್ತಿ ಜನರನ್ನು ಎಣಿಸಿ ಆಮೇಲೆ ಮತ್ತೆ ತರಬೇಕು, ಅಲ್ಲಿಯವರೆಗೆ ಸೌತ್ ಪಾಯಿಂಟ್ ಹಸಿರಾಗಿಯೇ ಇರಲಿ ಎಂದು ಸಮಿತಿ ತೀರ್ಮಾನಿಸಿತು. ಪದ್ಮಜಾ ಆಗಲೂ ಸಾರ್ವಜನಿಕರ ಸಾಲಿನಲ್ಲೇ ಇದ್ದರು. ಸಂತೋಷವಾಗಿದ್ದರೂ ಮತ್ತೆ ಆ ಮೇಜಿನ ಹಿಂದೆ ಹೋಗಿ ಕೂರಲು ಮನಸ್ಸಾಗಲಿಲ್ಲ. ಬರೆದುಕೊಂಡು ಬಂದಿದ್ದ ರಾಜೀನಾಮೆಯನ್ನು ಸಭೆ ಮುಗಿದ ಮೇಲೆ ಲೋರೇನ್ ಕೈಗೆ ಕೊಟ್ಟರು. ಲೋರೇನ್ ಬೇಡ ಎನ್ನಲಿಲ್ಲ. ಅದು ಪದ್ಮಜಾಗೆ ಸ್ವಲ್ಪ ನೋವು ಮಾಡಿತು, ಸರಿಯಾದದ್ದೇ ಎಂದೂ ಅನ್ನಿಸಿತು.

ಎರಡು ವಾರಕ್ಕೆ ಪಾರ್ಕ್ ಇಲಾಖೆಯ ಪತ್ರ ಬಂತು. ಸುಳ್ಳು ಫಾರಂಗಳ ಕಾರಣ ಎರಡು ವರ್ಷ ಪದ್ಮಜಾ ರಾಜಶೇಖರ್ ಹೆಸರಿನಲ್ಲಾಗಲಿ ಅವರ ಕೂಟದ ಹೆಸರಿನಲ್ಲಾಗಲಿ ಅಲ್ಲಿ ಶೆಲ್ಟರ್ ಕೊಡುವುದಿಲ್ಲ. ಊರಿನ ಪತ್ರಿಕೆಯಲ್ಲಿ ಚಂದ್ರಮೌಳಿ ಹೆದರಿದ್ದಂತೆ ಸುದ್ದಿಯೂ ಬಂತು, ಹೆಸರಿನ ಸಮೇತ. ಚಂದ್ರಮೌಳಿ ಫೋನ್ ಮಾಡುವುದನ್ನು ನಿಲ್ಲಿಸಿದರು. ತಿಂಗಳ ಕೊನೆಗೆ ಇಟ್ಟುಕೊಂಡ ಯುಗಾದಿಯ ಊಟದಲ್ಲಿ ಕೆಲವರು ಪದ್ಮಜಾರ ಪಕ್ಕದ ಕುರ್ಚಿ ಬಿಟ್ಟು ಆಚೆ ಕೂತರು. ಅವರು ಮಾಡಿದ್ದು ಸರಿ ಎನ್ನುವವರೂ ಕಿವಿಯಲ್ಲಿ ಮಾತ್ರ ಹೇಳಿದರು. ಈ ವರ್ಷದ ಕೂಟ ಲೈಲ್ ಹತ್ತಿರದ ಇನ್ನೊಂದು ಪಾರ್ಕಿಗೆ ಹೋಯಿತು. ಅಲ್ಲಿ ನೀರಿಲ್ಲ, ನೆರಳಿದೆ.

ಜೂನ್ ಎರಡನೇ ಭಾನುವಾರ ಬೆಳಿಗ್ಗೆ ಪದ್ಮಜಾ ಪುಳಿಯೋಗರೆ ಕಲಸಿದರು. ಯಾವ ಪಾರ್ಕಿಗೆ ಎಂದು ರಾಜಶೇಖರ್ ಕೇಳಲಿಲ್ಲ, ಕಾರಿನ ಕೀ ತೆಗೆದುಕೊಂಡರು. ಸೌತ್ ಪಾಯಿಂಟಿನ ಶೆಲ್ಟರ್‌ನಲ್ಲಿ ಒಂದು ಮೆಕ್ಸಿಕನ್ ಕುಟುಂಬದ ಹುಟ್ಟುಹಬ್ಬ ನಡೆದಿತ್ತು. ಮಕ್ಕಳು ಓಡಾಡುತ್ತಿದ್ದರು, ಒಲೆಯ ಮೇಲೆ ಮೆಕ್ಕೆಜೋಳದ ರೊಟ್ಟಿ ಬೇಯುತ್ತಿತ್ತು. ಗಂಡಹೆಂಡಿರು ದಿಬ್ಬದ ಮೇಲೆ ಚಾಪೆ ಹಾಸಿಕೊಂಡು ಕೂತರು. ಗಾಳಿ ತಣ್ಣಗಿತ್ತು. ಇಷ್ಟು ಜನದ ನಡುವೆ ಪದ್ಮಜಾಗೆ ತುಂಬಾ ಒಂಟಿಯೆನಿಸಿತು, ಅದನ್ನು ಗಂಡನಿಗೆ ಹೇಳಿದರು ಕೂಡ. ರಾಜಶೇಖರ್ ಹೆಂಡತಿಯ ತಟ್ಟೆಗೆ ಇನ್ನೊಂದು ಹಿಡಿ ಪುಳಿಯೋಗರೆ ಹಾಕಿದರು.

ಆ ಹೊತ್ತಿಗೆ ಕೈಯಲ್ಲಿ ಹಲಗೆ, ಹಲಗೆಗೆ ಸಿಕ್ಕಿಸಿದ ಹಾಳೆ ಹಿಡಿದುಕೊಂಡು ಡೋನಾ ಒಂದೊಂದೇ ಗುಂಪಿನ ಬಳಿ ನಿಲ್ಲುತ್ತಾ ದಿಬ್ಬ ಹತ್ತಿ ಬಂದಳು. ಪದ್ಮಜಾರನ್ನು ಕಂಡು ತಡೆದು ನಿಂತಳು. ಆಮೇಲೆ ಎಲ್ಲರನ್ನೂ ಕೇಳುವ ಹಾಗೆಯೇ, ನಿಮ್ಮ ಗುಂಪಿನಲ್ಲಿ ಎಷ್ಟು ಜನ ಎಂದು ಕೇಳಿದಳು.

‘ಇವತ್ತಿಗೆ ಇಬ್ಬರು,’ ಎಂದರು ಪದ್ಮಜಾ. ‘ಬರೆದುಕೊಳ್ಳಿ.’